ಅರವತ್ತು ಅಡಿ

ಕೊಡ ಮೇಲೆ ಬಂದಾಗ ಅದರೊಳಗಿನ ನೀರು ಕೆಂಪಗಿತ್ತು. ಓಣಿಯ ಹೆಂಗಸರು ಒಂದು ಗಳಿಗೆ ಬಾಯಿಗೆ ಸೆರಗು ಹಿಡಿದು ನಿಂತರು. ಇವತ್ತು ಬನದ ಹುಣ್ಣಿಮೆ ಎಂದು ಯಾರೋ ನೆನಪಿಸಿದ್ದೇ ತಡ, ಬಾವಿಕಟ್ಟೆಗೆ ಅರಿಶಿನ ಕುಂಕುಮ ಬಿತ್ತು, ಕಾಯಿ ಒಡೆಯಿತು. ನೇಕಾರರ ಮನೆದೇವತೆ ಬನಶಂಕರಿ ತನ್ನ ಹಬ್ಬದ ದಿನವೇ ರಬಕವಿಯ ಬಾವಿಗೆ ಬಂದಿದ್ದಾಳೆ ಎಂದ ಮೇಲೆ ಮಗ್ಗದ ಮುಂದೆ ಯಾರು ಕೂತಿರುತ್ತಾರೆ? ಓಣಿಗೆ ಓಣಿಯೇ ತಂಬಿಗೆ ಹಿಡಿದುಕೊಂಡು ಬಂತು.

ಮುನ್ಸಿಪಾಲಿಟಿಯ ಓವರಸಿಯರ್ ತುಕಾರಾಮ ಸೈಕಲ್ಲಿನಿಂದ ಇಳಿದದ್ದು ಅದೇ ಹೊತ್ತಿಗೆ. ಗುಂಪಿನೊಳಗೆ ನುಗ್ಗಿ ಕೊಡದ ನೀರು ನೋಡಿದ. ಆ ಕೆಂಪು ಎಲ್ಲಿಯದು ಎಂಬುದು ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ತಾನು, ಇನ್ನೊಬ್ಬ ನೂಲಿಗೆ ಬಣ್ಣ ಹಾಕುವ ಯಮನಪ್ಪ. ಯಮನಪ್ಪ ಗುಂಪಿನ ಹಿಂದೆ, ಮೊಣಕೈವರೆಗೆ ಕೆಂಪಾದ ಕೈಗಳನ್ನು ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು ನಿಂತಿದ್ದ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಮೂರು ವರ್ಷವಾಗಿತ್ತು. ಈ ಓಣಿಯ ಗಟಾರಕ್ಕೆ ಮಾತ್ರ ಹರಿದು ಹೋಗಲು ಇನ್ನೂ ದಾರಿ ಇರಲಿಲ್ಲ. ಹೋದ ದಸರೆಯ ಮುಂದೆ ತುಕಾರಾಮ ಓಣಿಯ ತುದಿಯಲ್ಲಿ ದೊಡ್ಡದೊಂದು ಇಂಗುಗುಂಡಿ ತೋಡಿಸಿ, ಬಚ್ಚಲ ನೀರು, ಪಾಯಖಾನೆ ತೊಳೆದ ನೀರು, ಎಲ್ಲವನ್ನೂ ಅದರೊಳಗೆ ಬಿಟ್ಟ. ತಳದಲ್ಲಿ ಬಂಡೆ ಸಿಕ್ಕಿತು, ಬಂಡೆಯಲ್ಲಿ ಬಿರುಕು. ಎಷ್ಟು ಸುರಿದರೂ ಗುಂಡಿ ಗಟಗಟ ಕುಡಿದುಬಿಡುತ್ತಿತ್ತು. ಅವನು ಹಿಗ್ಗಿದ್ದೇ ಹಿಗ್ಗು. ಇಂಥ ಗುಂಡಿ ಜಿಲ್ಲೆಯಲ್ಲೇ ಇಲ್ಲ, ಇನ್ನೆರಡು ಓಣಿಗೂ ಮಂಜೂರಿ ಕೊಡಿ ಎಂದು ಮೇಲಿನವರಿಗೆ ಬರೆದದ್ದೂ ಆಯಿತು. ಪುಣೆಯಲ್ಲಿ ಓದಿದ ಪುಸ್ತಕದಲ್ಲಿ ಬಾವಿಗೂ ಗುಂಡಿಗೂ ನಡುವೆ ಐವತ್ತು ಅಡಿ ಸಾಕು ಎಂದಿತ್ತು. ಇವನು ಧಾರಾಳಿ, ಅರವತ್ತು ಬಿಟ್ಟಿದ್ದ. ಗುಂಡಿ ಕುಡಿದ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಕೇಳಿದವಳು ಅನಸವ್ವ, ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತಿಕೊಟ್ಟು ಬದುಕುವ ಮುದುಕಿ. ದೀಪಾವಳಿಯ ಹೊತ್ತಿಗೆ ಅವಳ ಐದು ವರ್ಷದ ಮೊಮ್ಮಗಳು ಸೋಮವ್ವ ವಾಂತಿಭೇದಿಯಾಗಿ ಒಂದೇ ದಿನದಲ್ಲಿ ತೀರಿಹೋಗಿದ್ದಳು. ನಿನ್ನೆ ಮುದುಕಿ ನಾಲ್ಕನೆಯ ಸಲ ಕಚೇರಿಗೆ ಬಂದಿದ್ದಳು.

"ಬಾವಿ ನೀರು ನಾರತೈತ್ರಿ ಸಾಹೇಬ್ರ."

"ಗುಂಡಿ ಅರವತ್ತ ಅಡಿ ದೂರ ಐತಿ, ಆಯಿ. ಅದರ ನೀರು ಬಾವಿಗೆ ಬರೂದ ಇಲ್ಲ. ಪುಸ್ತಕದಾಗ ಬರದೈತಿ."

ಅವಳು ಅತ್ತ ಹೋದ ಮೇಲೆ, ಈ ಕಾಟ ಒಮ್ಮೆ ಮುಗಿದುಹೋಗಲಿ ಎಂದು ತುಕಾರಾಮ ಯಮನಪ್ಪನನ್ನು ಕರೆಸಿ ಎರಡು ಹಂಡೆ ಕೆಂಪು ಬಣ್ಣವನ್ನು ಗುಂಡಿಗೆ ಸುರಿಸಿದ. ಬೆಳಗಾದರೆ ಬಾವಿಯ ನೀರು ತಿಳಿಯಾಗಿಯೇ ಇರುತ್ತದೆ, ಮುದುಕಿಗೆ ಅದನ್ನು ತೋರಿಸಿ ಬಾಯಿ ಮುಚ್ಚಿಸಬಹುದು ಎಂದು ಅವನ ಎಣಿಕೆ. ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಯಮನಪ್ಪನಿಗೆ ತಾಕೀತು ಮಾಡಿದ್ದ.

ಬಣ್ಣ ಅರವತ್ತು ಅಡಿಯನ್ನು ಒಂದೇ ರಾತ್ರಿಯಲ್ಲಿ ದಾಟಿತ್ತು. ಈಗ ತಾಯಂದಿರು ಅದನ್ನು ಅಂಗೈಯಲ್ಲಿ ಹಿಡಿದು ಮಕ್ಕಳ ಬಾಯಿಗೆ ಬಿಡುತ್ತಿದ್ದರು. ಹಂಚುತ್ತಿದ್ದವಳು ಅನಸವ್ವ. ಎರಡು ತಿಂಗಳಿನಿಂದ ನಗದೇ ಇದ್ದ ಮುಖ ಇವತ್ತು ಅರಳಿತ್ತು.

"ಕೈ ಒಡ್ರಿ ಸಾಹೇಬ್ರ. ಅವ್ವನ ತೀರ್ಥ ಐತಿ."

"ಕುಡೀಬ್ಯಾಡ್ರಿ. ಯಾರೂ ಕುಡೀಬ್ಯಾಡ್ರಿ. ಆಯಿ, ಇದು ಗುಂಡಿ ನೀರು."

"ಗುಂಡಿ ನೀರು ಇಲ್ಲಿಗೆ ಬರೂದಿಲ್ಲಂತ ನಿನ್ನಿ ನೀವ ಹೇಳಿದ್ರಲ್ರಿ. ಕಲತವರು ನೀವು. ನಾನ ತಪ್ಪ ತಿಳದಿದ್ದೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ತುಕಾರಾಮ ಸುಮ್ಮನಿದ್ದುಬಿಟ್ಟರೆ ನಾಲ್ಕು ದಿನದಲ್ಲಿ ಬಣ್ಣ ಹೋಗಿ ನೀರು ತಿಳಿಯಾಗುತ್ತಿತ್ತು, ದೇವಿ ಬಂದು ಹೋದಳೆಂದು ಓಣಿ ಸಂತೋಷಪಡುತ್ತಿತ್ತು, ಅವನ ನೌಕರಿಗೂ ಧಕ್ಕೆ ಇರಲಿಲ್ಲ. ಅಷ್ಟರಲ್ಲಿ ಮುದುಕಿ ಮತ್ತೊಂದು ಕೂಸಿನ ಬಾಯಿಗೆ ತಂಬಿಗೆ ಬಗ್ಗಿಸಿದಳು. ತುಕಾರಾಮ ಅದನ್ನು ಕಿತ್ತು ನೀರನ್ನು ನೆಲಕ್ಕೆ ಸುರಿದು ಅಲ್ಲೇ ಬಿಟ್ಟ. ಗುಂಪಿನ ಹಿಂದೆ ನುಗ್ಗಿ ಯಮನಪ್ಪನ ರಟ್ಟೆ ಹಿಡಿದು ಎಳೆತಂದ, ಆ ಕೈಗಳನ್ನು ಎಲ್ಲರ ಮುಂದೆ ಎತ್ತಿ ತೋರಿಸಿದ.

"ಹೇಳಲೇ ಯಮನಪ್ಪ, ನಿನ್ನಿ ಏನ ಸುರುವಿದಿ?"

"ಕೆಂಪ ಬಣ್ಣರಿ," ಎಂದ ಯಮನಪ್ಪ ನೆಲ ನೋಡುತ್ತ. "ಗುಂಡ್ಯಾಗ, ಎರಡ ಹಂಡೆ. ಸಾಹೇಬ್ರ ಸುರುವಂದ್ರು."

ಒಬ್ಬಳು ತನ್ನ ಮಗುವಿನ ಗಂಟಲಿಗೆ ಬೆರಳು ಹಾಕಿದಳು, ಅವಳನ್ನು ನೋಡಿ ಉಳಿದವರೂ ಹಾಕಿದರು. ಅನಸವ್ವ ಮಾತ್ರ ಅಲುಗಲಿಲ್ಲ. ಓಣಿಯ ತುದಿಯ ಗುಂಡಿಯನ್ನು ನೋಡಿದಳು, ಬಾವಿಯನ್ನು ನೋಡಿದಳು.

"ಹಂಗಾರ ನಮ್ಮ ಸೋಮವ್ವ ಕುಡದದ್ದೂ ಇದ ನೀರ ಏನ್ರಿ?"

ತುಕಾರಾಮ ಹೌದೆಂದು ತಲೆಯಾಡಿಸಿದ.

ಮುದುಕಿ ಬಗ್ಗಿ ತಂಬಿಗೆ ಎತ್ತಿಕೊಂಡಳು. ಅದರ ತಳದಲ್ಲಿ ಉಳಿದಿದ್ದ ಕೆಂಪು ನೀರನ್ನು ನೋಡಿದಳು.

"ಆವಾಗ ಯಾಕ ಹಿಂಗ ಕೆಂಪ ಇರಲಿಲ್ರಿ, ಸಾಹೇಬ್ರ?"