ಮುಫ್ರಿಹನ ಕೋವಿ

ವೀಸಾಕ್ಕೆ ಜಾಮೀನಾಗಿ ಅಂಗಡಿಯನ್ನೂ ತನ್ನ ಹೆಸರಲ್ಲಿಟ್ಟಿದ್ದ ಅರಬ ಕಫೀಲ್ ಮುಫ್ರಿಹನಿಗೆ ಕೋವಿ ವಾಪಸ್ ಸಿಕ್ಕಿತೆಂಬ ಸುದ್ದಿ ಬಂದಾಗ ಅಬ್ದುಲ್ ಲತೀಫ್ ಏಲಕ್ಕಿ ತೂಗುತ್ತಿದ್ದ. ತಕ್ಕಡಿ ಕೆಳಗಿಟ್ಟ. ಸುದ್ದಿ ತಂದವನು ಪಕ್ಕದ ಅಂಗಡಿಯ ಟೈಲರ್ ಹಸನಬ್ಬ. ಪುತ್ತೂರಿನಿಂದ ಸೌದಿಯ ಖಮೀಸ್ ಮುಶೈತಿಗೆ ಬಂದು ಅವನಿನ್ನೂ ಇಲ್ಲಿಯ ಒಂದು ಚಳಿಗಾಲವನ್ನೂ ಕಂಡಿರಲಿಲ್ಲ.

“ಗುರುವಾರ ಮುದುಕನ ಮೊಮ್ಮಗನ ಮದುವೆಯಲ್ಲವಾ,” ಎಂದ ಲತೀಫ್. “ಈ ಸಲ ಯಾರ ಗ್ರಹಚಾರವೋ ಮಾರಾಯ.”

ಮುಫ್ರಿಹನ ಕಥೆಯನ್ನು ಲತೀಫ್ ಹೇಳುವುದೇ ಒಂದು ಆಟ. ದವಡೆ ಮುಂದೆ ಚಾಚಿ, ಮೂಗಿನಲ್ಲಿ ಗುಡುಗಿ, ಕಫೀಲನ ಸ್ವರವನ್ನು ಟೇಪ್‌ರೆಕಾರ್ಡರಿಗಿಂತ ಚೊಕ್ಕವಾಗಿ ತೆಗೆಯುತ್ತಿದ್ದ. ಹಿಂದೊಂದು ಮದುವೆಯಲ್ಲಿ ಮುದುಕ ಖುಷಿಗೆಂದು ಆಕಾಶಕ್ಕೆ ಗುಂಡು ಹಾರಿಸಿದ. ಅಷ್ಟು ದೊಡ್ಡ ಆಕಾಶವೂ ಅವನ ಗುರಿಗೆ ಸಿಗಲಿಲ್ಲ; ಗುಂಡು ಚಹಾ ಹಂಚುತ್ತಿದ್ದವನಿಗೆ ತಾಗಿತು. ಮುಫ್ರಿಹನಿಗೆ ಜೈಲಾಯಿತು. ಕೋವಿ ಹೋಯಿತು, ಅದನ್ನು ಇಟ್ಟುಕೊಳ್ಳುವ ಹಕ್ಕೂ ಹೋಯಿತು. ಆಮೇಲಿನ ಮದುವೆಗಳಲ್ಲಿ ಗಂಡಸರೆಲ್ಲ ಸಾಲುಗಟ್ಟಿ ಕೋವಿ ಎತ್ತಿ ಕುಣಿಯುವಾಗ ಇವನ ಕೈಯಲ್ಲಿ ಊರುಗೋಲು. ಹುಲಿವೇಷ ಹಾಕಿ ಬಾಲ ಮರೆತು ಬಂದವನ ಹಾಗೆ.

ಜೈಲಿನಿಂದ ಬಂದದ್ದೇ ಕೋವಿ ವಾಪಸ್ ಕೇಳಲು ಪ್ರಾಂತದ ಅಮೀರರ ಕಚೇರಿಯ ಮೆಟ್ಟಿಲು ಹತ್ತತೊಡಗಿದ. ವರ್ಷಗಟ್ಟಲೆ ಹತ್ತಿದ. ಮರುಕಪಟ್ಟು ತಮ್ಮನ ಮಗ ತನ್ನದೊಂದನ್ನು ಕೊಡಲು ಬಂದರೆ, ಎರವಲು ಬೇಡ, ನನ್ನದೇ ಬೇಕು ಎಂದ.

“ಎಂತ ಜಂಬ ನೋಡು,” ಲತೀಫ್ ಹೇಳಿದ. “ತಪ್ಪಾಯ್ತು ಅಂತ ಒಂದು ಮಾತು ಇವನ ಬಾಯಲ್ಲಿ ಇವತ್ತಿನವರೆಗೆ ಬರಲಿಲ್ಲ. ಕೋವಿ ಬೇಕಂತೆ, ಕೋವಿ.”

ಹಸನಬ್ಬನಿಗೆ ಒಂದು ವಿಷಯ ತಲೆಗೆ ಹತ್ತುತ್ತಿರಲಿಲ್ಲ. ಪೇಟೆಯ ಕಫೀಲರೆಲ್ಲ ತಿಂಗಳು ತಿಂಗಳು ಅಂಗಡಿಯವರಿಂದ ಪಾಲು ಕಿತ್ತುಕೊಳ್ಳುವಾಗ ಮುಫ್ರಿಹ್ ಲತೀಫನಿಂದ ಏನನ್ನೂ ಮುಟ್ಟುತ್ತಿರಲಿಲ್ಲ. ಇಲ್ಲಿ ಉಳಿಯುವ ಪರವಾನಗಿ, ಇಕಾಮಾ ಕೂಡ ತಾನೇ ಓಡಾಡಿ ಮಾಡಿಸಿಕೊಡುತ್ತಿದ್ದ. ಯಾಕೆಂದು ಕೇಳಿದರೆ ಲತೀಫ್, “ಬುದ್ಧಿ ಕಡಿಮೆ ಅವನಿಗೆ,” ಎಂದು, ಚಳಿಗೆ ಮರಗಟ್ಟುವ ಎಡಗಾಲನ್ನು ಅಕ್ಕಿ ಮೂಟೆಯ ಮೇಲೆ ಚಾಚಿ ಕೂರುತ್ತಿದ್ದ. ಈಗಲೂ ಹಾಗೆಯೇ ಕೂತ.

ಮುದುಕನ ಕೈಗೆ ಕೋವಿ ಬಂದ ದಿನ ಅಂಗಡಿ ಬಿಟ್ಟು ಊರಿಗೆ ಹೋಗುತ್ತೇನೆ ಎಂದು ಅವನು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದ. ಬಂಟ್ವಾಳದಲ್ಲಿ ಹೆಂಡತಿ ಆತಿಕಾ ಕಟ್ಟಿಸುತ್ತಿದ್ದ ಮನೆಗೆ ಇನ್ನೂ ಮಾಡು ಬಂದಿರಲಿಲ್ಲ. ಆದರೂ ಹಸನಬ್ಬನಿಂದ ಷಟರ್ ಅರ್ಧ ಎಳೆಸಿದ.

“ನಾಳೆಯೇ ಎಕ್ಸಿಟ್ ವೀಸಾ ಕೇಳ್ತೇನೆ. ಅವನ ಕೋವಿ, ಅವನ ಅಂಗಡಿ. ಎರಡನ್ನೂ ಕಟ್ಟಿಕೊಂಡು ಕುಣಿಯಲಿ.”

ಷಟರಿನಡಿ ಬಗ್ಗಿ ಒಳಗೆ ಬಂದವನು ಮುಫ್ರಿಹ್. ಹೆಗಲಲ್ಲಿ ಕೋವಿ.

ಹಸನಬ್ಬ ಸಕ್ಕರೆ ಮೂಟೆಗಳ ಹಿಂದಕ್ಕೆ ಸರಿದ. ಮುದುಕ ಕೋವಿ ಇಳಿಸಿ, ಒಳಗೆ ಗುಂಡಿಲ್ಲವೆಂದು ತೆರೆದು ತೋರಿಸಿ, ಮೊಣಕಾಲೂರಿ ಅದನ್ನು ಲತೀಫನ ಮುಂದೆ ನೆಲಕ್ಕೆ ಅಡ್ಡವಾಗಿಟ್ಟ. ಸ್ವರದಲ್ಲಿ ಗುಡುಗು ಇರಲಿಲ್ಲ.

“ನಮ್ಮ ಕುಲದಲ್ಲಿ ತಪ್ಪೊಪ್ಪಿಕೊಳ್ಳುವವನು ತನ್ನ ಸ್ವಂತ ಕೋವಿಯನ್ನು ಎದುರಿನವನ ಮುಂದಿಡಬೇಕು, ಲತೀಫ್. ಬರಿಗೈಯಲ್ಲಿ ಕೇಳುವುದು ಕ್ಷಮೆಯಲ್ಲ. ಇಷ್ಟು ವರ್ಷ ಇಡಲು ನನ್ನ ಬಳಿ ಏನೂ ಇರಲಿಲ್ಲ.”

ಲತೀಫ್ ಮೂಟೆಯ ಮೇಲಿನ ಎಡಗಾಲನ್ನು ಮೆಲ್ಲಗೆ ಕೆಳಗಿಳಿಸಿದ. ಆ ಮದುವೆಯಲ್ಲಿ, ಚಹಾದ ತಟ್ಟೆ ಕೈಯಿಂದ ಜಾರುವ ಮೊದಲೇ ಮಡಚಿ ಬಿದ್ದದ್ದು ಅದೇ ಕಾಲು.