ದುರ್ಗೇಶನ ಗಡ್ಡ

"ಕಹಿ ಬಂತಾ?"

ದುರ್ಗೇಶ ಇಲ್ಲವೆಂದು ತಲೆಯಾಡಿಸಿದ.

ವಸಂತ್ ಸ್ಪ್ರೇ ಬಾಟಲಿಯನ್ನು ಇನ್ನೊಮ್ಮೆ ಒತ್ತಿದ. ದುರ್ಗೇಶನ ತಲೆಗೆ ಕವಿಚಿದ್ದ ಪ್ಲಾಸ್ಟಿಕ್ ಮುಸುಕಿನೊಳಗೆ ಕಹಿನೀರಿನ ತುಂತುರು ಹರಡಿತು. ಒಳಗೆ ಹಾಕಿದ್ದ ರಬ್ಬರಿನ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತಿದ್ದರೆ ಕಹಿ ತಿಳಿಯಬಾರದು. ದುರ್ಗೇಶನ ಹುಬ್ಬು ಗಂಟಾಯಿತು, ಕಣ್ಣಲ್ಲಿ ನೀರಾಡಿತು.

"ಈಗ?"

"ಇಲ್ರಿ ಸರ."

"ಸುಳ್ಳು ಹೇಳ್ಬೇಡ. ಬೇವಿನ ಕಷಾಯ ಕುಡಿದವನ ಥರ ಮುಖ ಮಾಡ್ಕೊಂಡಿದೀಯ."

ತಪ್ಪು ಮಾಸ್ಕಿನದಲ್ಲ, ಕೊರಳು ಮುಚ್ಚುವಷ್ಟು ಬೆಳೆದ ಗಡ್ಡದ್ದು. ಕೂದಲ ಸಂದಿಯಲ್ಲಿ ಗಾಳಿ ನುಸುಳುತ್ತದೆ. ಗಾಳಿಯ ಜೊತೆ ಬೂಷ್ಟಿನ ಪುಡಿಯೂ ಒಳಗೆ ಹೋಗುತ್ತದೆ.

ಕಾಕ್ಸ್ ಟೌನಿನ ಈ ಹಳೇ ಮನೆಯಲ್ಲಿ ಗೋಡೆಯೊಳಗಿನ ನೀರಿನ ಪೈಪು ಒಡೆದು ತಿಂಗಳುಗಟ್ಟಲೆ ಸೋರಿತ್ತು. ಗೊತ್ತಾಗುವ ಹೊತ್ತಿಗೆ ಹಿಂದಿನ ಕೋಣೆಯ ಎರಡು ಗೋಡೆಗಳ ತುಂಬ ಕರಿ ಬೂಷ್ಟು ಹಬ್ಬಿತ್ತು. ಮನೆಯೊಡತಿ ವೈಷ್ಣವಿ ತನ್ನ ಮೂರು ತಿಂಗಳ ಮಗುವಿಗೆಂದು ಅಣಿಮಾಡಿದ್ದ ಕೋಣೆ ಅದು. ಈಗ ಮಗುವನ್ನೆತ್ತಿಕೊಂಡು ತವರಿಗೆ ಹೋಗಿದ್ದಳು. ಬೂಷ್ಟು ತೆಗೆಯುವ ಗುತ್ತಿಗೆ ಹಿಡಿದಿದ್ದ ವಸಂತನ ಆಳುಗಳು ಪೈಪು ಸರಿಮಾಡಿಸಿ, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅಂಚಿಗೆಲ್ಲ ಟೇಪು ಅಂಟಿಸಿ, ಕಿಟಕಿಗೆ ಫಿಲ್ಟರಿನ ಫ್ಯಾನು ಕೂರಿಸಿದ್ದರು. ಫ್ಯಾನು ಗಾಳಿಯನ್ನು ಹೊರಗೆ ಎಳೆದಾಗ ಹಾಳೆ ಕೋಣೆಯ ಕಡೆಗೆ ಉಬ್ಬಬೇಕು. ಉಬ್ಬಿತ್ತು. ಒಳಗಿನ ಪುಡಿ ಮನೆಗೆ ಹರಡುವುದಿಲ್ಲವೆಂಬುದಕ್ಕೆ ಅದೇ ಗುರುತು.

ಇದನ್ನು ದುರ್ಗೇಶನಿಗೆ ಯಾರೂ ಕಲಿಸಬೇಕಿರಲಿಲ್ಲ. ದೇವದುರ್ಗದ ಕಡೆಯವನು. "ನಮ್ಮೂರಾಗ ನೆಲದಾಗಿನ ಹಗೇವು ತೆರದ ಕೂಡ್ಲೆ ಜ್ವಾಳ ತೆಗ್ಯಾಕ ಇಳಿಯಂಗಿಲ್ರಿ. ಮದ್ಲ ದೀಪ ಇಳಿಬಿಟ್ಟು ಗಾಳಿ ನೋಡ್ತೀವಿ" ಎಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿದ್ದ. ಒಣಗಿದ ಬೂಷ್ಟನ್ನು ಕೆರೆಯಬಾರದು, ನೀರು ಚಿಮುಕಿಸಿ ಒರೆಸಬೇಕು, ಒರೆಸಿದ ಬಟ್ಟೆ ಚೀಲದ ಬಾಯಿ ಕಟ್ಟಿಯೇ ಹೊರಗೆ ಬರಬೇಕು. ಒಂದನ್ನೂ ತಪ್ಪುತ್ತಿರಲಿಲ್ಲ.

ಗಡ್ಡವೊಂದೇ ತಕರಾರು. ದಸರಾ ಕಳೆದ ಮೇಲೆ ಬಿಟ್ಟಿದ್ದ. "ಮನ್ಯಾಗ ಬಸುರಿ ಅದಾಳ್ರಿ. ಹಡಿಯೋತನಕ ಕತ್ತಿ ಮುಟ್ಟಸಂಗಿಲ್ಲ" ಎಂದಿದ್ದ. ಅಂದು ಎಲ್ಲರೂ ನಕ್ಕು ಅವನಿಂದ ಬಿರಿಯಾನಿ ಕೊಡಿಸಿಕೊಂಡಿದ್ದರು. ವಸಂತ್ ಅವನನ್ನು ಚೀಲ ಹೊರುವ ಹೊರಗಿನ ಕೆಲಸಕ್ಕೆ ಹಾಕಿದ್ದ. ಈಗ ಮಳೆ ಹಿಡಿದಿತ್ತು. ಒಂದರ ಹಿಂದೊಂದು ಮನೆ, ಒಳಗೆ ಇಬ್ಬರು ಬೇಕೇ ಬೇಕು.

"ಎಷ್ಟ್ ತಿಂಗ್ಳಾಯ್ತು ಭಾಯ್?" ನುಣ್ಣಗೆ ಬೋಳಿಸಿದ ಗಲ್ಲದ ಜೊತೆಯಾಳು ಬಷೀರ್ ಟೀ ಹೀರುತ್ತ ಕೇಳಿದ. "ಅಷ್ಟ್ರಲ್ಲಿ ನಮ್ಮನೇಲಿ ನಾಲ್ಕೂ ಈಚೆ ಬಂದಿದ್ವು. ಒಳಗಿರೋದು ಆನೆ ಮರಿನಾ?"

"ಇನ್ನ ಟೈಮ್ ಐತಿ."

ಬಷೀರ್ ಬೆರಳು ಮಡಿಸಿ ಎಣಿಸತೊಡಗಿದವನು ಅರ್ಧಕ್ಕೇ ಬಿಟ್ಟ. "ಇವನ ಲೆಕ್ಕ ಇವನಿಗೇ ಗೊತ್ತು ಸಾರ್. ಸಂಕ್ರಾಂತಿಗೆ ಎಂಟ್ ದಿನ ರಜೆ ತಗೊಂಡು ಒಂದ್ ಹಿಡಿ ಎಳ್ಳೂ ತರ್ಲಿಲ್ಲ, ಜಿಪುಣ."

ದುರ್ಗೇಶ ಎದ್ದ. ಖಾಲಿ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದ.

ಶನಿವಾರ ಮಧ್ಯಾಹ್ನ ವಸಂತ್ ಹೊಸ ಫಿಲ್ಟರ್ ತರಲು ಶಿವಾಜಿನಗರಕ್ಕೆ ಹೋಗಿ ಬಂದ. ಹಾಳೆಯ ಆಚೆ ಎರಡು ನೆರಳು ಕಂಡವು. ಮಾಸ್ಕಿನಡಿ ಗಡ್ಡ ಇಳಿಬಿಟ್ಟುಕೊಂಡು ದುರ್ಗೇಶ ಮೊಣಕಾಲೂರಿ ಕೂತು ಮಗುವಿನ ತೊಟ್ಟಿಲು ಒರೆಸುತ್ತಿದ್ದ. ಒಂದೊಂದು ಕಂಬಿಗೂ ಬೇರೆ ಬಟ್ಟೆ. ಯಾವ ಅವಸರವೂ ಇರಲಿಲ್ಲ.

"ನಾ ಬೇಡ ಅಂದೆ ಸಾರ್," ಬಷೀರ್ ಹೊರಗೆ ಬಂದು ಮಾಸ್ಕ್ ಬಿಚ್ಚುತ್ತ ಹೇಳಿದ. "ಇದೊಂದು ನಾನೇ ಒರೆಸ್ತೀನಿ ಅಂತ ಹಟ ಹಿಡಿದ."

ಸಂಜೆ ದುರ್ಗೇಶನಿಗೆ ಕೆಮ್ಮು ಹತ್ತಿತು. ಗೇಟಿನ ಕಂಬ ಹಿಡಿದು ಬಾಗಿ ಕೆಮ್ಮಿದ. ವಸಂತ್ ಹತ್ತಿರ ಓಡಿ ಬಂದ. ಹೆದರಿಕೆ ಸಿಟ್ಟಾಗಿ ಹೊರಬಂತು.

"ಎದೆ ಹಾಳ್ಮಾಡ್ಕೊಂಡು ಹುಟ್ಟೋ ಮಗೂನ ಹೇಗೋ ಸಾಕ್ತೀಯ? ಸೋಮವಾರ ಗಡ್ಡ ತೆಗೆದು ಬಾ. ಇಲ್ಲಾಂದ್ರೆ ಬರ್ಲೇಬೇಡ."

"ಹಂಗಾರ ಬರಂಗಿಲ್ರಿ ಸರ."

ಹೆದರಿಸಿದರೆ ಬಗ್ಗುತ್ತಾನೆ ಎಂದುಕೊಂಡಿದ್ದ ವಸಂತ್ ಕಕ್ಕಾಬಿಕ್ಕಿಯಾದ. "ಕೆಲ್ಸ ಬಿಡ್ತೀಯಾ? ಗಡ್ಡಕ್ಕೆ?"

"ಆಕಿ ಒಪ್ಪಂಗಿಲ್ರಿ. ಭಾಳ ಅಂಜತಾಳ."

ರಾತ್ರಿಯೆಲ್ಲ ವಸಂತನಿಗೆ ಅದೇ ಕೊರೆತ. ಇಷ್ಟು ನಿಗಾ ಇಟ್ಟು ಕೆಲಸ ಮಾಡುವವನು ಇನ್ನೊಬ್ಬ ಸಿಗುವುದಿಲ್ಲ. ಬಿಟ್ಟರೆ ಇನ್ನೆಲ್ಲೋ ಮಾಸ್ಕೇ ಕೊಡದ ಕಡೆ ಕೆಲಸಕ್ಕೆ ನಿಲ್ಲುತ್ತಾನೆ. ಹೆಂಗಸಿನ ಅಂಜಿಕೆ ಅಲ್ಲವೇ, ಕೂತು ಬಿಡಿಸಿ ಹೇಳಿದರೆ ಹೋಗದೆ ಏನು?

ಭಾನುವಾರ ಬೆಳಿಗ್ಗೆ ಒಂದು ಡಜನ್ ಮೂಸಂಬಿ ಕೊಂಡು ಕೆ.ಆರ್. ಪುರಕ್ಕೆ ಹೋದ. ರೈಲ್ವೆ ಹಳಿಯ ಆಚೆ ಸಾಲು ಕೋಣೆಗಳಲ್ಲಿ ಮೂರನೆಯದು ದುರ್ಗೇಶನದು. ದುರ್ಗೇಶ ಹಿಟ್ಟಿನ ಗಿರಣಿಗೆ ಹೋಗಿದ್ದಾನೆಂದು ಬಾಗಿಲ ಪರದೆಯ ಹಿಂದಿನಿಂದ ಅವನ ಹೆಂಡತಿ ಜಯಮಾಲಾ ಹೇಳಿದಳು. ಗಂಡಸಿಲ್ಲದ ಮನೆಯೊಳಗೆ ಕಾಲಿಡಲು ಸಂಕೋಚವಾಗಿ ವಸಂತ್ ಹೊಸ್ತಿಲಾಚೆಯೇ ನಿಂತ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ತನ್ನ ಚಪ್ಪಲಿ ನೋಡುತ್ತಲೇ ಒಪ್ಪಿಸಿದ.

"ನೋಡಮ್ಮ, ಗಡ್ಡ ತೆಗೆದ್ರೆ ಮಗೂಗೆ ಏನೂ ಆಗಲ್ಲ. ತೆಗೀದಿದ್ರೆ ಅವನ ಎದೆ ಕೆಡತ್ತೆ. ನನ್ ಮಾತು ಕೇಳ್ತಿಲ್ಲ. ನೀನಾದ್ರೂ ಹೇಳಮ್ಮ."

ಹಳಿಯ ಮೇಲೊಂದು ರೈಲು ದಾಟಿಹೋಯಿತು.

"ನಾ ದಿನಾ ಅದನ್ನ ಹೇಳಾಕ ಹತ್ತೀನ್ರಿ ಅಣ್ಣಾರ," ಅಂದಳು. "ಕೂಸು ಹೊಟ್ಟ್ಯಾಗ ತೀರಿಕೊಂಡು ಐದ್ ತಿಂಗಳಾತು. ನೀವರ ಹೇಳ್ರಿ, ಗಡ್ಡ ತೆಗಸ್ರಿ."