ಕೊನೆಯ ಎರಡು ಸಾಲು

ಹದಿನಾಲ್ಕು ಸಾಲಿನ ಇಂಗ್ಲಿಷ್ ಪ್ರೇಮ ಸಾನೆಟ್ಟಿನ ಪಾಠವೆಂದರೆ ಬ್ರಹ್ಮಚಾರಿ ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು. “ಹನ್ನೆರಡು ಸಾಲು ಬರೀ ಪೀಠಿಕೆ. ಜೀವ ಇರೋದು ಕೊನೇ ಎರಡು ಸಾಲಲ್ಲಿ,” ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು.

ಈ ಸಲ ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಹಳದಿಗಟ್ಟಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟಳು.

“ಇದೂ ಸಾನೆಟ್ಟೇ ಅಲ್ವಾ ಸರ್? ಅಮ್ಮನ ಪೆಟ್ಟಿಗೇಲಿತ್ತು. ಕಾಲೇಜಲ್ಲಿ ಯಾರೋ ಅವಳ ಪುಸ್ತಕದೊಳಗೆ ಇಟ್ಟಿದ್ರಂತೆ.”

ಅಕ್ಷರ ಕಂಡದ್ದೇ ಮೇಷ್ಟ್ರು ಹಾಳೆಯನ್ನು ಹತ್ತಿರಕ್ಕೆಳೆದುಕೊಂಡರು. ಇಪ್ಪತ್ತೈದು ವರ್ಷದ ಹಿಂದೆ ಅದನ್ನು ಬರೆದವರು ಅವರೇ. ಕೊನೆಯ ಎರಡು ಸಾಲಿನಲ್ಲಿ, ಲೈಬ್ರರಿಯ ಹಿಂದಿನ ಬೇವಿನ ಮರದ ಕೆಳಗೆ ಬಾ ಎಂದು ಕರೆದಿದ್ದರು. ತಿಂಗಳುಗಟ್ಟಲೆ ಕಾದರೂ ಅವಳು ಬಂದಿರಲಿಲ್ಲ.

“ನಿಮ್ಮಮ್ಮ ಇದನ್ನ ಓದಿದ್ರಾ?”

“ಅಮ್ಮನಿಗೆ ಅಷ್ಟು ಇಂಗ್ಲಿಷ್ ಬರ್ತಿರಲಿಲ್ಲ ಸರ್. ಅರ್ಥ ಕೇಳೋಕೆ ಟೈಪಿಂಗ್ ಕಲಿಸೋರ ಹತ್ರ ಹೋದ್ಳಂತೆ. ಅವರು ದಿನಕ್ಕೊಂದು ಸಾಲು ಬಿಡಿಸಿ ಹೇಳಿದ್ರಂತೆ.”

“ಪೂರ್ತಿ ಹೇಳಿದ್ರಾ?”

“ಇಲ್ಲ ಸರ್. ಹನ್ನೆರಡನೇ ಸಾಲಿನ ಹೊತ್ತಿಗೆ ಅಮ್ಮ ಅವರನ್ನೇ ಮದುವೆಯಾಗೋಕೆ ಒಪ್ಪಿಬಿಟ್ಟಿದ್ಳು. ಮಿಕ್ಕ ಎರಡು ಸಾಲು ಆಮೇಲೆ ಬೇಕೇ ಆಗಲಿಲ್ಲವಂತೆ.”